ಸಾಹೇಬರ ಜಾಳಿಗೆ ಆಟ

ಮೊನ್ನೆ ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಲಾರಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದೆ. ಯಾರೋ ಪಕ್ಕದಲ್ಲಿ ಮಾವಿನಮಿಡಿಯ ಬುಟ್ಟಿ ಇಳಿಸಿದರು. ಆಗಷ್ಟೇ ಕೊಯ್ದ ಮಿಡಿ, ತೊಟ್ಟಿನಲ್ಲಿ ಇನ್ನೂ ಸೊನೆ ಜಿನುಗುತ್ತಿತ್ತು. ಆ ವಾಸನೆಗೆ ಉಳಿದವರ ಬಾಯಲ್ಲಿ ನೀರು ಬರುತ್ತದೆ. ನನಗೆ ಸಿಟ್ಟು ಬಂತು. ಅರ್ಧ ಚಹಾ ಚೆಲ್ಲಿ ಎದ್ದೆ. ಮಿಡಿಯ ಸೊನೆ ಅಂದರೆ ನನಗೆ ಉಪ್ಪಿನಕಾಯಿಯಲ್ಲ. ಯಲ್ಲಾಪುರದ ಒಂದು ಚಳಿಗಾಲ, ಒಬ್ಬ ಸಾಹೇಬ, ಅವನು ಕಲಿಸಿದ ಲಕ್ರಾಸ್ ಅನ್ನುವ ಆಟ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮಾರನೆಯ ವರ್ಷ ಅದು. ಬೋರ್ಡುಗಳು ಬದಲಾದವು, ಸಾಹೇಬರು ಬದಲಾದರು. ನಾಟಾದ ತೂಕ ಮಾತ್ರ ಬದಲಾಗಲಿಲ್ಲ. ನಾನು ಯಲ್ಲಾಪುರದಲ್ಲಿ ಅರಣ್ಯ ಖಾತೆಯ ನಾಟಾ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದೆ. ಊರು ಬನವಾಸಿ ಕಡೆ. ಓದು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯ ತನಕ, ಅದರಲ್ಲೂ ನಪಾಸು. ಅಪ್ಪ ಸತ್ತ ಮೇಲೆ ಗದ್ದೆ ಅಣ್ಣನ ಕೈಗೆ ಹೋಯಿತು. ಡಿಪೋ ಕೆಲಸ ಮಳೆ ಬೀಳುವವರೆಗೆ ಮಾತ್ರ. ಮಳೆ ಹಿಡಿದರೆ ಬೇರೆ ದಾರಿ ಇಲ್ಲ, ಗಂಟು ಕಟ್ಟಿಕೊಂಡು ಅಣ್ಣನ ಬಾಗಿಲಿಗೆ ಹೋಗಬೇಕು. ಅವನು ಹಗಲೆಲ್ಲ ನನ್ನಿಂದ ನಟ್ಟಿ ಮಾಡಿಸಿಕೊಳ್ಳುತ್ತಿದ್ದ, ರಾತ್ರಿ ಉಣ್ಣಲು ಕೂತರೆ ನನ್ನ ತಾಟು ನೋಡುತ್ತಿದ್ದ. ಒಂದು ಸಲ ಅತ್ತಿಗೆ ಎರಡನೇ ಸಲ ಸಾರು ಬಡಿಸಲು ಬಂದಾಗ ಬೀಗರ ಎದುರಿಗೇ ಅಂದ: "ದೀಪಾವಳಿ ಆದ ಮ್ಯಾಲೆ ಎದ್ದು ಹೋಗಾಂವಗ ಎರಡೆರಡು ಸಲ ಸಾರು ಯಾಕ?"

ಆ ಸಾರು ನನಗೆ ಇವತ್ತಿಗೂ ಗಂಟಲಲ್ಲಿದೆ. ಮುಂದಿನ ಮಳೆಗಾಲ ಆ ಮನೆಯಲ್ಲಿ ಉಣ್ಣುವುದಿಲ್ಲ ಎಂದುಕೊಂಡೇ ಆ ವರ್ಷ ಯಲ್ಲಾಪುರಕ್ಕೆ ಬಂದಿದ್ದೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಡಿಪೋದ ಹೊಸ ಸಾಹೇಬ ಮೈಸೂರು ಕಡೆಯವ. ಎಳೆ ಪ್ರಾಯ, ತೆಳ್ಳನೆಯ ಮೀಸೆ. ವಿಲಾಯಿತಿಯಲ್ಲಿ ಓದಿ ಬಂದವನಂತೆ. ಅಲ್ಲಿ ಏನು ಕಲಿತನೋ ಬಿಟ್ಟನೋ, ಬರುವಾಗ ಒಂದು ಪೆಟ್ಟಿಗೆ ತುಂಬ ಕೋಲು ತಂದಿದ್ದ. ತುದಿಯನ್ನು ಊರುಗೋಲಿನ ಹಾಗೆ ಬಗ್ಗಿಸಿ, ಆ ಬಗ್ಗಿನೊಳಗೆ ಚರ್ಮದ ದಾರದಲ್ಲಿ ಜಾಳಿಗೆ ಹೆಣೆದಿದ್ದ ಕೋಲು. ಸಾಲದ್ದಕ್ಕೆ ಊರ ಬಡಗಿಯಿಂದ ಬೆತ್ತ ಬಗ್ಗಿಸಿ ಅಂಥದ್ದೇ ಇನ್ನಷ್ಟು ಮಾಡಿಸಿದ. ಒಂದು ಸಂಜೆ ನಮ್ಮನ್ನೆಲ್ಲ ದಿಮ್ಮಿಗಳ ಹಿಂದಿನ ಬಯಲಿಗೆ ಕರೆಸಿ ಭಾಷಣ ಮಾಡಿದ.

"ನೋಡ್ರಪ್ಪಾ, ಈ ಆಟದಲ್ಲಿ ಗೆಲ್ಲೋದು ದೊಡ್ಡದಲ್ಲ. ನ್ಯಾಯವಾಗಿ ಆಡೋದು ದೊಡ್ಡದು. ಸಾಹೇಬ ಅಂತಿಲ್ಲ, ಕೂಲಿ ಅಂತಿಲ್ಲ, ಬಯಲಿಗೆ ಇಳಿದ್ಮೇಲೆ ಎಲ್ಲಾ ಒಂದೇ. ನಮ್ಮಲ್ಲಿ ಒಂದು ಗಾರ್ಡ್ ಜಾಗ ಖಾಲಿ ಇದೆ. ಯಾರು ಚೆನ್ನಾಗಿ ಆಡ್ತಾರೋ, ಅವರನ್ನ ನೋಡ್ಕೋತೀನಿ."

ಮೊದಲ ಮಾತುಗಳು ನನಗೆ ಕೇಳಲೇ ಇಲ್ಲ. ಗಾರ್ಡ್ ಜಾಗ ಅಂದದ್ದು ಮಾತ್ರ ಕೇಳಿತು. ಖಾಕಿ ಬಟ್ಟೆ, ನಾಕಾದ ಪಕ್ಕ ಒಂದು ಕೋಣೆ, ಮಳೆ ಬಂದರೂ ನಿಲ್ಲದ ಸಂಬಳ. ಅದಕ್ಕಾಗಿ ಜಾಳಿಗೆಯಲ್ಲಿ ಚೆಂಡು ಹಿಡಿ ಅಂದರೆ ಚೆಂಡು, ಸೆಗಣಿ ಹಿಡಿ ಅಂದರೆ ಸೆಗಣಿ.

ಈ ಆಟ ಕಲಿಸಲು ಸಾಹೇಬನಿಗೆ ಸಂಕ್ರಾಂತಿಯಿಂದ ಹೋಳಿಯ ತನಕ ಬೇಕಾಯಿತು. ನಾನು ಒಂದು ಬೀಡಿ ಮುಗಿಯುವುದರೊಳಗೆ ಹೇಳುತ್ತೇನೆ. ಒಂದು ಕೈ ಕೋಲಿನ ಬುಡಕ್ಕೆ, ಇನ್ನೊಂದು ನಡುವಿಗೆ. ಚೆಂಡು ನೆಲದಲ್ಲಿದ್ದರೆ ಮೊಣಕಾಲು ಬಗ್ಗಿಸಿ, ಕೋಲನ್ನು ನೆಲಕ್ಕೆ ಸವರಿ, ಓಡುತ್ತಲೇ ಮೊರದಲ್ಲಿ ಕಸ ತೆಗೆದ ಹಾಗೆ ಎತ್ತಬೇಕು. ನಿಂತು ಕೆದರಿದರೆ ಬರುವುದಿಲ್ಲ. ಬಂದ ಚೆಂಡು ಜಾಳಿಗೆಯಲ್ಲಿ ಸುಮ್ಮನೆ ಕೂರುವುದೂ ಇಲ್ಲ, ಓಡುವಾಗ ಮಣಿಕಟ್ಟು ತಿರುಗಿಸುತ್ತ ತೊಟ್ಟಿಲ ಹಾಗೆ ತೂಗುತ್ತಿರಬೇಕು. ಮೇಲಿಂದ ಬರುವ ಚೆಂಡಿಗೆ ಕೋಲು ಗಟ್ಟಿಯಾಗಿ ಅಡ್ಡ ಹಿಡಿದರೆ ಪುಟಿದು ಹೋಗುತ್ತದೆ. ಚೆಂಡು ಬಂದ ಹಾಗೇ ಕೋಲನ್ನೂ ಹಿಂದಕ್ಕೆ ಬಿಟ್ಟುಕೊಡಬೇಕು. ಎಸೆಯುವಾಗ ಮೇಲಿನ ಕೈ ದೂಡಬೇಕು, ಬುಡದ ಕೈ ಎಳೆಯಬೇಕು. ಚೆಂಡನ್ನು ಕೈಯಿಂದ ಮುಟ್ಟುವ ಹಾಗಿಲ್ಲ, ಗೋಲು ಕಾಯುವವನೊಬ್ಬ ಮುಟ್ಟಬಹುದು. ಗೋಲಿನ ಸುತ್ತ ಸುಣ್ಣದ ಚಕ್ರ ಬರೆದಿರುತ್ತದೆ, ಎದುರಿನವರು ಅದರೊಳಗೆ ಕಾಲಿಡಬಾರದು. ಚೆಂಡಿದ್ದವನ ಕೋಲಿಗೆ ಹೊಡೆಯಬಹುದು, ತಲೆಗೆ ಹೊಡೆಯಬಾರದು. ಮುಗಿಯಿತು. ಇದಕ್ಕೆ ವಿಲಾಯಿತಿಗೆ ಹೋಗಬೇಕೇ?

ಸಾಹೇಬ ಎರಡು ಪಂಗಡ ಮಾಡಿದ. ಒಂದು ಆಫೀಸಿನವರದು, ಅದಕ್ಕೆ ಅವನೇ ನಾಯಕ. ಇನ್ನೊಂದು ನಮ್ಮದು, ಹೊರುವವರದು. ಎಲ್ಲಾ ಒಂದೇ ಅಂದವನು ಬಯಲಿಗೆ ಇಳಿದ ಮೊದಲ ದಿನವೇ ಮಾಡಿದ ಕೆಲಸ ಇದು. ಆಫೀಸಿನವರಿಗೆ ಬಿಳೀ ಕ್ಯಾನ್‌ವಾಸ್ ಬೂಟು, ವಿಲಾಯಿತಿ ಕೋಲು. ನಮಗೆ ಬರಿಗಾಲು, ಬೆತ್ತದ ಕೋಲು. ಆಫೀಸಿನ ಹೆಡ್ ಕಾರಕೂನ ಮಫ್ಲರ್ ಸುತ್ತಿಕೊಂಡೇ ಆಡುತ್ತಿದ್ದ. ಸಾಹೇಬ ಬಗ್ಗಿದರೆ ಇವನು ಮಲಗುವ ಜಾತಿ. ಸಾಹೇಬ ಚೆಂಡು ಬಿಟ್ಟರೂ "ವಾಹ್!" ಅನ್ನುತ್ತಿದ್ದ.

ನಮ್ಮ ಪಂಗಡದ್ದು ಇನ್ನೊಂದು ನಗೆಪಾಟಲು. ಅದರಲ್ಲಿ ನನ್ನೊಬ್ಬನನ್ನು ಬಿಟ್ಟರೆ ಎಲ್ಲರೂ ಸಿದ್ದಾಪುರ ತಾಲೂಕಿನ ದೊಡ್ಮನೆ ಕಡೆಯವರು. ಬೇಸಗೆಯಲ್ಲಿ ಹೊಳೆದಂಡೆಯ ಮರಗಳಿಂದ ಉಪ್ಪಿನಕಾಯಿಯ ಮಿಡಿ ಇಳಿಸುವುದು ಅವರ ಕಸುಬು. ಉದ್ದನೆಯ ದೋಟಿಯ ತುದಿಗೆ ಜಾಳಿಗೆ ಕಟ್ಟಿ ಒಂದೊಂದೇ ಮಿಡಿಯನ್ನು ತೊಟ್ಟು ಸಮೇತ ಬಿಡಿಸುತ್ತಾರೆ. ಅವರಲ್ಲಿ ಗಣಪ ಅನ್ನುವವನು ನನ್ನ ಜೋಡಿ. ದಿಮ್ಮಿಯ ಆ ತುದಿಗೆ ಅವನು, ಈ ತುದಿಗೆ ನಾನು. ಮಾತು ಕಡಿಮೆ, ಕಣ್ಣುಗಳು ಯಾವಾಗಲೂ ಅರ್ಧ ಮುಚ್ಚಿರುತ್ತಿದ್ದವು. ದಡ್ಡ ಎಂದು ನಾನು ಮೊದಲ ದಿನವೇ ತೀರ್ಮಾನ ಮಾಡಿದ್ದೆ.

ಜಾಳಿಗೆ ಕೋಲು ಕೈಗೆ ಬಂದದ್ದೇ ಅವರಿಗೆ ಹಿಡಿಯುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಸಾಹೇಬ ಆಕಾಶಕ್ಕೆ ಚೆಂಡು ಎಸೆದರೆ ಗಣಪ ಕೋಲು ಚಾಚಿ, ಸದ್ದಿಲ್ಲದೆ ತೆಗೆದುಕೊಂಡು, ತೂಗುತ್ತ ನಿಲ್ಲುತ್ತಿದ್ದ. ಸಾಹೇಬ ಕುಣಿದಾಡಿದ. "ನೋಡ್ರೀ, ನೋಡ್ರೀ ಆ ಕೈನ!"

ಕುಣಿತ ಬಹಳ ಹೊತ್ತು ಉಳಿಯಲಿಲ್ಲ. ಚೆಂಡು ನೆಲಕ್ಕೆ ಬಿತ್ತು. ದೊಡ್ಮನೆಯ ಅಷ್ಟೂ ಜನ ಅದನ್ನು ನೋಡುತ್ತ ನಿಂತರು. ಒಬ್ಬನೂ ಬಗ್ಗಲಿಲ್ಲ.

"ಎತ್ರೋ! ಯಾಕ್ರಪ್ಪಾ ನಿಂತ್ರಿ?" ಸಾಹೇಬ ಕಿರುಚಿದ.

"ಬಿದ್ದೋಯ್ತಲ್ಲ ಸಾಯೇಬ್ರೆ," ಅಂದ ಗಣಪ.

"ಬಿದ್ರೆ ಏನಾಯ್ತು?"

"ಬಿದ್ದದ್ದು ನಾವು ಎತ್ತೂದಿಲ್ಲ. ಬಿದ್ದ ಮಿಡಿ ಒಂದು ಭರಣಿಗೆ ಹೋದ್ರೆ ಇಡೀ ಭರಣಿ ಹಾಳು."

"ಅದು ಮಿಡಿ ಅಲ್ಲಪ್ಪಾ, ಚೆಂಡು!"

"ನಂಗೆ ಗೊತ್ತು ಸಾಯೇಬ್ರೆ. ಕೈಗೆ ಗೊತ್ತಿಲ್ವಲ್ಲ, ಎಂತ ಮಾಡೂದು?"

ಎಸೆಯುವುದೂ ಹಾಗೆಯೇ. ಜಾಳಿಗೆಗೆ ಬಂದದ್ದನ್ನು ಎಸೆಯುವುದು ಅಂದರೆ ಅವರಿಗೆ ಪಾಪ. ಮಿಡಿಗೆ ಪೆಟ್ಟಾದರೆ, ತೊಟ್ಟು ಮುರಿದರೆ, ಕೊಳ್ಳುವವನು ಮೂಸಿ ನೋಡಿ ಹಿಂದಕ್ಕೆ ದೂಡುತ್ತಾನೆ. ಮರದ ಮೇಲಿದ್ದವನು ತನ್ನ ಜಾಳಿಗೆಯ ಬಾಯಿಯನ್ನು ಕೆಳಗಿನವನ ಜಾಳಿಗೆಯ ಬಾಯಿಗೆ ಹಚ್ಚಿ ಮೆಲ್ಲಗೆ ಸುರಿಯುತ್ತಾನೆ. ಅವರಿಗೆ ಗೊತ್ತಿದ್ದದ್ದು ಅದೊಂದೇ. ಸಾಹೇಬ ಎಸೆಯಿರಿ ಎಸೆಯಿರಿ ಎಂದು ಗಂಟಲು ಹರಿದುಕೊಂಡರೆ, ಇವರು ಚೆಂಡು ತೂಗುತ್ತ ಬಯಲೆಲ್ಲ ಸುತ್ತಿ ಕೊನೆಗೆ ಸಾಹೇಬನ ಜಾಳಿಗೆಯಲ್ಲೇ ಸುರಿದು ಬರುತ್ತಿದ್ದರು. ನನಗೆ ಸಾಹೇಬನ ಮೇಲೆ ಎಷ್ಟು ತಾತ್ಸಾರವೋ ಇವರ ಮೇಲೂ ಅಷ್ಟೇ. ನೆಲದ ಚೆಂಡನ್ನು ಎತ್ತುವವನು, ಎಸೆಯುವವನು ನಮ್ಮ ಪಂಗಡದಲ್ಲಿ ನಾನೊಬ್ಬನೇ. ದಿಮ್ಮಿ ಹೊತ್ತ ತೋಳು, ಎಸೆದರೆ ಚೆಂಡು ಶೀಟಿ ಹೊಡೆಯುತ್ತ ಹೋಗುತ್ತಿತ್ತು. ಗಾರ್ಡ್ ಜಾಗ ನನ್ನದೇ ಎಂದು ಲೆಕ್ಕ ಹಾಕಿದ್ದೆ.

ಆ ಚಳಿಗಾಲ ಬೆಳಿಗ್ಗೆ ಮಂಜು ಕವಿದರೆ ದಿಮ್ಮಿಯ ಆ ತುದಿಯ ಮನುಷ್ಯ ಕಾಣುತ್ತಿರಲಿಲ್ಲ. ಹೊಸದಾಗಿ ಕಡಿದ ಮತ್ತಿಯ ಹುಳಿ ವಾಸನೆ, ಇಬ್ಬನಿಗೆ ನೆನೆದ ಹಗ್ಗ. ಹಗಲೆಲ್ಲ ಹೊತ್ತು ಸೊಂಟ ಬಿದ್ದಿರುತ್ತಿತ್ತು. ಸಂಜೆ ಈ ಜಾಳಿಗೆ ಹಿಡಿದು ಓಡಬೇಕು. ನಾವು ಓಡುವುದನ್ನು ನೋಡಲು ಗಾಡಿ ಹೊಡೆಯುವವರು ಸಾಲಾಗಿ ಕೂತು ಎಲೆ ಅಡಿಕೆ ಅಗಿಯುತ್ತಿದ್ದರು. "ಬಸ್ಯಾ, ನೊಣ ಹಿಡಿಯಾಕ ಹೊಂಟ್ಯೇನೋ?" ಎಂದು ನನ್ನನ್ನು ಕೂಗುತ್ತಿದ್ದರು. ಸಾಹೇಬ ದಿನವೂ ನ್ಯಾಯದ ಆಟದ ಬಗ್ಗೆ ಹೇಳುತ್ತಿದ್ದ. ಸೋತವನ ಕೈ ಕುಲುಕಬೇಕು, ಗೆದ್ದವನು ಹಿಗ್ಗಬಾರದು, ಹೀಗೇ ಏನೇನೋ. ಹೊಟ್ಟೆ ತುಂಬಿದವನಿಗೆ ಮಾತು ಬಹಳ.

ಹೋಳಿ ಮುಗಿದ ಮೇಲೆ ಧಾರವಾಡದಿಂದ ದೊಡ್ಡ ಸಾಹೇಬರು ಬರುತ್ತಾರೆ, ಅವರೆದುರು ಆಫೀಸಿನವರಿಗೂ ನಮಗೂ ಪಂದ್ಯ ಎಂದು ಗೊತ್ತಾಯಿತು. ಹಿಂದಿನ ದಿನ ಸಂಜೆ ಕಾರಕೂನ ನನ್ನನ್ನು ಹೊನ್ನೆಯ ದಿಮ್ಮಿಗಳ ಮರೆಗೆ ಕರೆದ. ಮಫ್ಲರ್ ಸರಿ ಮಾಡಿಕೊಂಡು ನಕ್ಕ. ಅವನು ನಕ್ಕರೆ ಏನೋ ಕಳೆದುಕೊಳ್ಳುತ್ತೇವೆ ಎಂದೇ ಅರ್ಥ.

"ಬಸಪ್ಪಾ, ನೀ ಚಲೋ ಆಡ್ತೆ ಮಾರಾಯಾ. ಸಾಹೇಬರು ಹೇಳ್ತಾ ಇರ್ತಾರೆ."

ಅಲ್ಲಿಯವರೆಗೆ ನಾನು ಅವನಿಗೆ ಬಸ್ಯಾ. ಅವತ್ತು ಬಸಪ್ಪ ಆದೆ.

"ಏನ್ ಹೇಳಾಕ ಬಂದೀರಿ, ಹೇಳ್ರಿ."

"ಎಂತ ಇಲ್ಲ. ದೊಡ್ಡ ಸಾಹೇಬರ ಎದುರು ನಮ್ಮ ಸಾಹೇಬರು ಸೋತರೆ ಚಂದ ಕಾಣೂದಿಲ್ಲ. ನೀ ಬುದ್ಧಿವಂತ. ನಾಲ್ಕು ಗೋಲು ಹೊಡಿ, ಐದನೇದು ತಪ್ಪಿಸು. ಗಾರ್ಡ್ ಜಾಗಕ್ಕೆ ಯಾರನ್ನ ತಗೊಳ್ಳೂದು ಅಂತ ಆಮೇಲೆ ನಾನೇ ಬರಿಯೂದು."

"ಸಾಹೇಬ್ರು ಹೇಳಿ ಕಳಿಸ್ಯಾರೇನ್ರಿ?"

"ಛೆ, ಛೆ. ಅವರು ಹಂಗೆಲ್ಲ ಹೇಳೂ ಮನುಷ್ಯನ?" ಅಂದು ಹೊರಟು ಹೋದ. ಹೇಳಿ ಕಳಿಸಿದ್ದಾನೆ ಎಂದು ತಿಳಿಯಲು ಮುಲ್ಕಿ ಪಾಸಾಗಬೇಕಾಗಿರಲಿಲ್ಲ.

ಸುಳ್ಳು ಹೇಳಬಾರದು, ನಾನು ಒಪ್ಪಿಕೊಂಡಿದ್ದೆ. ಬಾಯಲ್ಲಿ ಅನ್ನಲಿಲ್ಲ, ಮನಸ್ಸಿನಲ್ಲಿ ಒಪ್ಪಿದ್ದೆ. ಒಂದು ಚೆಂಡು ತಪ್ಪಿಸಿದರೆ ಜನ್ಮಕ್ಕೆಲ್ಲ ಅಣ್ಣನ ಮನೆಯ ಸಾರು ತಪ್ಪುತ್ತದೆ. ಇದೇನು ದೇವರ ಆಟವೇ?

ಪಂದ್ಯದ ದಿನ ಬಯಲಿಗೆ ಚಪ್ಪರ ಹಾಕಿದ್ದರು. ದೊಡ್ಡ ಸಾಹೇಬ ಮುದುಕ. ಆರಾಮಕುರ್ಚಿಯಲ್ಲಿ ಕೂತು ಎಳನೀರು ಕುಡಿಯುತ್ತಿದ್ದ. ಶೀಟಿ ಊದಲು ಶಾಲೆಯ ಡ್ರಿಲ್ ಮಾಸ್ತರರನ್ನು ಕರೆಸಿದ್ದರು. ನಮ್ಮ ಸಾಹೇಬ ತಾನೇ ಗೋಲು ಕಾಯಲು ನಿಂತ. ಎದೆಗೆ ಹತ್ತಿ ತುಂಬಿದ ಕವಚ, ಮುಖದಲ್ಲಿ ನಗು.

ಮೊದಲು ನಮ್ಮ ಪಾಡು ಎಂದಿನದೇ. ಚೆಂಡು ನೆಲಕ್ಕೆ ಬಿದ್ದರೆ ದೊಡ್ಮನೆಯವರು ಸುತ್ತ ನಿಂತು ಹೆಣ ನೋಡಿದ ಹಾಗೆ ನೋಡುತ್ತಿದ್ದರು. ಆಫೀಸಿನವರು ಕೆದರಿ ಕೆದರಿ ಎತ್ತಿ, ಎರಡು ಗೋಲು ಹೊಡೆದೇ ಬಿಟ್ಟರು. ನನಗೆ ತಲೆ ಕೆಟ್ಟಿತು. ಅಷ್ಟರಲ್ಲಿ ಕಾರಕೂನ ಎಸೆದ ಚೆಂಡು ಗಾಳಿಯಲ್ಲಿರುವಾಗಲೇ ಗಣಪ ಕೋಲು ಚಾಚಿ ತೆಗೆದ. ತೂಗುತ್ತ ಓಡಿದ. ಮೂವರು ಬಿಳೀ ಬೂಟಿನವರು ಅವನ ಕೋಲಿಗೆ ಬಡಿದರು. ಚೆಂಡು ಅಲುಗಲಿಲ್ಲ. ಗಾಳಿಗೆ ಓಲಾಡುವ ಕೊಂಬೆಯಿಂದ ಮಿಡಿ ಇಳಿಸಿದ ಕೈ ಅದು. ಸುಣ್ಣದ ಚಕ್ರದ ತನಕ ಹೋಗಿ ಅಲ್ಲೇ ನಿಂತುಬಿಟ್ಟ.

"ಒಗೀಲೇ ಮಗನ! ಒಗಿ!" ನಾನು ಕೂಗಿದೆ.

"ಆಗೂದಿಲ್ಲ ಮಾರಾಯಾ," ಅಂದ. "ನೀ ಬಾ ಇಲ್ಲಿ."

ಓಡಿ ಹೋಗಿ ಕೋಲು ಒಡ್ಡಿದೆ. ಅವನು ತನ್ನ ಜಾಳಿಗೆಯ ಬಾಯಿಯನ್ನು ನನ್ನ ಜಾಳಿಗೆಯ ಬಾಯಿಗೆ ಹಚ್ಚಿ ಚೆಂಡನ್ನು ಮೆಲ್ಲಗೆ ಸುರಿದ. ನಾನು ತಿರುಗಿ ಹೊಡೆದೆ. ಸಾಹೇಬನ ಕಿವಿಯ ಪಕ್ಕದಿಂದ ಗೋಲಿನೊಳಕ್ಕೆ ಹೋಯಿತು.

ಗಾಡಿಯವರು ಎದ್ದು ನಿಂತು ಕೇಕೆ ಹಾಕಿದರು. ಕಾರಕೂನ ಮಾಸ್ತರರ ಹತ್ತಿರ ಓಡಿದ. "ಇದು ನಡಿಯೂದಿಲ್ಲ! ಸುರಿಯೂದು ಎಂತ ಆಟ?" ಮಾಸ್ತರರು ಸಾಹೇಬನ ಮುಖ ನೋಡಿದರು. ಸಾಹೇಬ ದೊಡ್ಡ ಸಾಹೇಬನ ಮುಖ ನೋಡಿದ. ಚಪ್ಪರದಡಿಯಿಂದ ಮುದುಕ ಚಪ್ಪಾಳೆ ತಟ್ಟಿ ನಗುತ್ತಿದ್ದ. "ಕೈ ಮುಟ್ಟಿಲ್ಲವಲ್ಲ, ಆಡಲಿ ಬಿಡ್ರಿ!" ಅಂದ. ಅಲ್ಲಿಂದ ಮುಂದೆ ನಮಗೆ ದಾರಿ ಸಿಕ್ಕಿತು. ದೊಡ್ಮನೆಯವರು ಹಿಡಿಯುವುದು, ಒಬ್ಬರಿಂದ ಒಬ್ಬರಿಗೆ ಸುರಿಯುವುದು, ಕೊನೆಗೆ ಗಣಪ ತಂದು ನನಗೆ ಸುರಿಯುವುದು, ನಾನು ಹೊಡೆಯುವುದು. ಅವರು ಇನ್ನೆರಡು ಹೊಡೆದರೆ ನಾವು ಇನ್ನು ಮೂರು. ಬಿಸಿಲು ಇಳಿಯುವ ಹೊತ್ತಿಗೆ ನಾಲ್ಕಕ್ಕೆ ನಾಲ್ಕು ಆಗಿತ್ತು. ನಾಲ್ಕೂ ನನ್ನವೇ.

ಮಾಸ್ತರರು ಕೊನೆಯ ಚೆಂಡು ಎಂದು ಕೂಗಿದರು. ಗಣಪ ಅದನ್ನೂ ಹಿಡಿದ. ಅಷ್ಟು ಜನರ ನಡುವೆ ನುಸುಳಿ ನನ್ನ ಹತ್ತಿರ ತಂದು ಸುರಿದ. ಎದುರಿಗೆ ಸಾಹೇಬ ಒಬ್ಬನೇ. ತಪ್ಪಿಸಬೇಕು ಎಂದುಕೊಂಡೇ ಕೋಲು ಎತ್ತಿದೆ. ಆಗ ಸಾಹೇಬ ನನ್ನ ಕಣ್ಣು ನೋಡಿ ತಲೆಯನ್ನು ಇಷ್ಟೇ ಇಷ್ಟು ಹೊರಗಡೆಗೆ ಅಲ್ಲಾಡಿಸಿದ. ಆ ಕಡೆ ಹೊಡಿ, ಹೊರಗೆ. ಆಳಿಗೆ ಚಹಾ ಲೋಟ ಎತ್ತಿಕೊಂಡು ಹೋಗು ಎಂದು ಸನ್ನೆ ಮಾಡಿದ ಹಾಗೆ. ಮುಖದ ಮೇಲೆ ಅದೇ ನಗು, ನ್ಯಾಯದ ಆಟದ ನಗು.

ನನಗೆ ಆಟದ ಮೇಲೆ ಪ್ರೀತಿ ಇರಲಿಲ್ಲ. ಗೆಲ್ಲುವ ಚಪಲವೂ ಇರಲಿಲ್ಲ. ಆ ತಲೆ ಅಲ್ಲಾಡಿಸಿದ್ದೊಂದು ಸಹಿಸಲಾಗಲಿಲ್ಲ. ಇದ್ದ ಬಲವೆಲ್ಲ ಹಾಕಿ ಹೊಡೆದೆ. ಚೆಂಡು ಅವನ ಎರಡು ಕಾಲುಗಳ ನಡುವಿನಿಂದ ಹೋಯಿತು.

ಪಂದ್ಯ ಮುಗಿದ ಮೇಲೆ ಸಾಹೇಬ ಬಂದು ನನ್ನ ಕೈ ಕುಲುಕಿದ. "ವೆಲ್ ಪ್ಲೇಡ್," ಅಂದ. ಅವನ ಕೈ ತಣ್ಣಗಿತ್ತು. ಗಾಡಿಯವರು ನನ್ನನ್ನು ಹೆಗಲ ಮೇಲೆ ಹೊತ್ತು ಬಯಲು ಸುತ್ತಿದರು. ದೊಡ್ಡ ಸಾಹೇಬ ಎಳನೀರು ಮುಗಿಸಿ ಜೀಪು ಹತ್ತಿದ.

ಆ ವಾರದಲ್ಲೇ ಕಾರಕೂನ ಡಿಪೋ ಗೇಟಿನಲ್ಲಿ ನಿಂತು ಗಾರ್ಡ್ ಜಾಗಕ್ಕೆ ಯಾರು ಎಂದು ಹೇಳಿದ. ಗಣಪ. ನನ್ನ ಕಡೆ ನೋಡಿ, "ನೀನೇ ಕೈಯಾರೆ ಕಳ್ಕೊಂಡೆ ಬಸ್ಯಾ," ಅಂದ. ಮತ್ತೆ ಬಸ್ಯಾ.

ಸಂಜೆ ಗಣಪನನ್ನು ಹುಡುಕಿಕೊಂಡು ಹೋದೆ. ಬಯಲಿನಲ್ಲಿ ಕೋಲುಗಳನ್ನು ಕಟ್ಟು ಕಟ್ಟುತ್ತಿದ್ದ. ಸಾಹೇಬ ಎಲ್ಲವನ್ನೂ ಪೆಟ್ಟಿಗೆಗೆ ಹಾಕಲು ಹೇಳಿದ್ದನಂತೆ. ಆಟ ಸಾಕಾಗಿತ್ತು ಅವನಿಗೆ.

"ಗಣಪಾ, ಆಟಕ್ಕ ಮೊದಲ ಕಾರಕೂನ ನಿನಗೇನಾರ ಹೇಳಿದ್ನೇನು?"

"ಹೇಳಿದ್ದ."

"ಏನಂತ?"

"ನಿಂಗೆ ಹೇಳಿದ್ದೇ ಇರಬೇಕು. ಸಾಯೇಬ್ರು ಸೋಲಬಾರ್ದು, ಜಾಗ ಬೇಕಾರೆ ನೋಡ್ಕೊ ಅಂದ."

"ಮತ್ತ ಚೆಂಡು ತಂದು ತಂದು ನನ್ನ ಜಾಳಿಗ್ಯಾಗ ಸುರದ್ಯಲ್ಲೋ!"

"ಸುರಿದೆ. ಹೊಡೆದವ ಯಾರು?" ದಾರ ಬಿಗಿಯುತ್ತಲೇ ಕೇಳಿದ. "ನಾ ಒಂದಾದ್ರೂ ಹೊಡೆದ್ನಾ, ಹೇಳು. ಆಡದೇ ನಿಂತ್ರೆ ದೊಡ್ಡ ಸಾಯೇಬ್ರು ನೋಡ್ತಿದ್ರು. ಹೊಡೆದ್ರೆ ನಮ್ಮ ಸಾಯೇಬ್ರು ನೋಡ್ತಿದ್ರು."

"ಒಗೆಯಾಕ ಬರೂದಿಲ್ಲ ಅಂತಿದ್ದಿ."

ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಕಟ್ಟಿನಿಂದ ಒಂದು ಕೋಲು ಎಳೆದುಕೊಂಡ. ಚೆಂಡು ಹುಲ್ಲಿನಲ್ಲಿ ಬಿದ್ದಿತ್ತು. ಮೊಣಕಾಲು ಬಗ್ಗಿಸಿ, ಓಡುತ್ತಲೇ, ಸಾಹೇಬ ಹೇಳಿಕೊಟ್ಟ ಹಾಗೇ ಅದನ್ನು ಎತ್ತಿದ. ಮೇಲಿನ ಕೈ ದೂಡಿದ, ಬುಡದ ಕೈ ಎಳೆದ. ಚೆಂಡು ದಿಮ್ಮಿಗಳ ರಾಶಿಯ ಮೇಲಿಂದ ಹಾರಿ ಆಚೆ ಎಲ್ಲೋ ಬಿತ್ತು. ನಾನು ಯಾವತ್ತೂ ಅಷ್ಟು ದೂರ ಎಸೆದಿರಲಿಲ್ಲ.

"ಬೆಳಿಗ್ಗೆ ಮಂಜು ಇರ್ತದಲ್ಲ," ಅಂದ, "ಆವಾಗ ಒಬ್ನೇ ಕಲ್ತೆ. ಮನೇಲಿ ಇಬ್ರು ತಂಗೀರು, ಮಾರಾಯಾ. ಮಿಡಿ ಎರಡು ತಿಂಗಳು ಸಾಕ್ತದೆ. ಆಮೇಲೆ ಯಾರು ಸಾಕೂದು?"

ಕಪಾಳಕ್ಕೆ ಬಿಡಬೇಕು ಎಂದುಕೊಂಡು ಹೋಗಿದ್ದೆ. ಬೈಯಲು ಮಾತು ಹುಡುಕಿದೆ. ಸಾಹೇಬನಿಗೆ, ಕಾರಕೂನನಿಗೆ ಬೇಕಾದಷ್ಟು ಇದ್ದವು. ಅವನಿಗೆ ಹೊಂದುವಂಥದ್ದು ಒಂದೂ ಸಿಗಲಿಲ್ಲ.

ಮಿರಗದ ಮಳೆ ಬಿದ್ದ ದಿನ ಡಿಪೋ ಮುಚ್ಚಿತು. ಹೊರುವವರು ಹೊರಗೆ ಹೋಗುವಾಗ ಗೇಟಿನಲ್ಲಿ ಗಂಟು ಬಿಚ್ಚಿ ತೋರಿಸಬೇಕು, ಸಾಗವಾನಿ ತುಂಡು ಕದ್ದಿದ್ದಾರೋ ಎಂದು. ಗೇಟಿನಲ್ಲಿ ಗಣಪ ನಿಂತಿದ್ದ. ಹೊಸ ಖಾಕಿ, ಇಸ್ತ್ರಿಯ ಗೆರೆ ಇನ್ನೂ ಹೋಗಿರಲಿಲ್ಲ. ನನ್ನ ಸರದಿ ಬಂತು. ಪಕ್ಕದಲ್ಲಿ ಕಾರಕೂನ ಕೊಡೆ ಹಿಡಿದು ನೋಡುತ್ತಿದ್ದ. ಗಣಪ ನನ್ನ ಗಂಟು ಬಿಚ್ಚಿದ. ಒಂದು ಕಂಬಳಿ, ಒಂದು ತಾಟು, ಹರಿದ ಅಂಗಿ. ಒಂದೊಂದನ್ನೂ ಎತ್ತಿ ನೋಡಿ ಮತ್ತೆ ಹಾಗೇ ಮಡಚಿ ಇಟ್ಟ. ತಾಟಿನ ಮೇಲೆ ಮಳೆ ಹನಿ ಬಿದ್ದದ್ದನ್ನು ತೋಳಿನಲ್ಲಿ ಒರೆಸಿದ.

"ಎಂತದೂ ಇಲ್ಲ," ಎಂದು ಕಾರಕೂನನಿಗೆ ಹೇಳಿದ. "ಹೋಗಲಿ ಬಿಡಿ."

ಗಂಟು ಹೆಗಲಿಗೆ ಹಾಕಿಕೊಂಡು ಅಣ್ಣನ ಊರಿನ ಬಸ್ಸು ಹತ್ತಿದೆ. ಗಣಪ ಹೇಳಿದ್ದು ಸರಿಯಾಗಿಯೇ ಇತ್ತು. ಎಂತದೂ ಇರಲಿಲ್ಲ.